ಜೋಡಿ ಇಲ್ಲದೆ ಸಾಲ್ಸಾ: ಶೈನ್ಸಾ, ರುಯೆದಾನಾ, ಸುಯೆಲ್ತಾನಾ?

ಸಾಲ್ಸಾ ಡಾನ್ಸ್ ಕಲಿಯಬೇಕು ಅಂದರೆ ಎಲ್ಲರೂ ಮೊದಲು ಕೇಳುವುದು, ‘ಪಾರ್ಟ್ನರ್ ಇದ್ದಾರಾ?’ ನನಗೆ ಇರಲಿಲ್ಲ. ಒಬ್ಬರೇ ಹೋದರೂ ನಡೆಯುವ ಮೂರು ಬಗೆಯ ಕ್ಲಾಸಿಗೆ ಹೋಗಿ ನೋಡಿದೆ.

ನ್ಯೂಯಾರ್ಕ್ ಶೈಲಿಯ ಶೈನ್ಸ್, ಅಂದರೆ ಒಬ್ಬರೇ ಹಾಕುವ ಹೆಜ್ಜೆಗಳ ಕ್ಲಾಸಿನಲ್ಲಿ ಕನ್ನಡಿಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಾರೆ. ಕಾಲಿಗೆ ಕೆಲಸ ಜಾಸ್ತಿ. ಒಂದು-ಎರಡು-ಮೂರು, ಐದು-ಆರು-ಏಳು, ನಾಲ್ಕಕ್ಕೂ ಎಂಟಕ್ಕೂ ತಡೆ. ಹೆಜ್ಜೆ ಚೊಕ್ಕಟವಾಗುತ್ತದೆ, ನಿಜ. ಆದರೆ ಎಣಿಸುವ ಗಡಿಬಿಡಿಯಲ್ಲಿ ನನಗೆ ಹಾಡೇ ಕೇಳಿಸುತ್ತಿರಲಿಲ್ಲ.

ರುಯೆದಾ ಮಜವಾಗಿದೆ. 1950ರ ದಶಕದ ಕೊನೆಗೆ ಹವಾನಾದ ಕ್ಲಬ್ಬುಗಳಲ್ಲಿ ಹುಟ್ಟಿದ್ದು. ಜೋಡಿಗಳು ಸುತ್ತ ನಿಂತಿರುತ್ತವೆ. ಒಬ್ಬರು ‘ದಾಮೆ’ ಅಂತ ಕೂಗಿದ ಕೂಡಲೇ ಜೊತೆಗಾರರು ಬದಲಾಗುತ್ತಾರೆ, ನಮ್ಮ ಕೋಲಾಟದ ಹಾಗೆ. ಕೂಗು ಕೇಳಿಸದಷ್ಟು ಗದ್ದಲವಿದ್ದರೆ ಕೈಸನ್ನೆ. ಒಂಟಿಯಾಗಿ ಬಂದವರಿಗೂ ಜಾಗ ಸಿಗುತ್ತದೆ, ಆದರೆ ಲೀಡ್ ಮಾಡುವವರು, ಫಾಲೋ ಮಾಡುವವರು ಸಮ ಇರಬೇಕು. ಒಬ್ಬರು ಹೆಚ್ಚಾದರೆ ಗೋಡೆಗೆ ಒರಗಿ ಸುಮ್ನೆ ನೋಡಬೇಕು.

ಸುಯೆಲ್ತಾದಲ್ಲಿ ಈ ತಲೆನೋವಿಲ್ಲ. ಎಷ್ಟು ಜನ ಬಂದರೂ ಸರಿ, ಬಿಡಿಬಿಡಿಯಾಗಿ ನಿಂತು ಮುಂದಿನವರ ಹೆಜ್ಜೆ ಹಿಡಿಯುವುದು. ಕ್ಯೂಬಾದ ಹಳೆಯ ಕುಣಿತಗಳಾದ ಸೋನ್, ರುಂಬಾದ ನಡೆಗಳೂ ಇದರಲ್ಲಿ ಬೆರೆಯುತ್ತವೆ. ಮಂಡಿ ಸ್ವಲ್ಪ ಮಡಿಸಿ, ಮೈಭಾರವನ್ನು ಕಾಲಿನಿಂದ ಕಾಲಿಗೆ ನಿಧಾನಕ್ಕೆ ದಾಟಿಸಿದರೆ ಸೊಂಟ ತಾನಾಗಿಯೇ ಹೊರಳುತ್ತದೆ. ಬೇಕಂತಲೇ ಕುಣಿಸಿದರೆ ತಕ್ಷಣ ಗೊತ್ತಾಗುತ್ತದೆ! ಲೋಸ್ ವಾನ್ ವಾನ್ ಥರದ ಬ್ಯಾಂಡುಗಳ ತಿಂಬಾ (ಕ್ಯೂಬಾದ ಒಂದು ಬಗೆಯ ಕುಣಿತದ ಸಂಗೀತ) ಹಾಡು ಹಾಕಿದಾಗ ನೋಡಬೇಕು. ನಡುವೆ ಒಂದು ಕಡೆ ಬೇಸ್ ಗಿಟಾರ್ ತನ್ನ ಮಾಮೂಲಿ ನಡೆ ಬಿಟ್ಟು ಗುಡುಗುತ್ತದೆ, ಡೋಲುಗಳು ಮುಂದೆ ಬರುತ್ತವೆ. ಕ್ಯೂಬಾದಲ್ಲಿ ಜೋಡಿಗಳೇ ಆಗ ಕೈ ಬಿಡಿಸಿಕೊಂಡು, ಭುಜ-ಸೊಂಟ ನಡುಗಿಸಿ ತಮ್ಮಷ್ಟಕ್ಕೆ ಕುಣಿಯುತ್ತಾರೆ. ಇದೇ ದೆಸ್ಪೆಲೋತೆ, 1990ರ ದಶಕದ ತಿಂಬಾ ಜೊತೆ ಬೆಳೆದದ್ದು. ಅಂದಮೇಲೆ ಒಂಟಿ ಕುಣಿತ ಜೋಡಿ ಸಿಗದವರ ಪಾಡು ಅಲ್ಲ, ಅಲ್ವಾ?

ಸುಯೆಲ್ತಾದಲ್ಲಿ ಕೊರತೆಯೂ ಇದೆ. ಎದುರಿನವರ ಕೈಯ ಒತ್ತಡದಿಂದಲೇ ಮುಂದಿನ ತಿರುವು ತಿಳಿಯುವ ವಿದ್ಯೆ ಇಲ್ಲಿ ಬರುವುದಿಲ್ಲ. ಇನ್ನೊಂದು, ಹಿಂದಿನ ಸಾಲಿನಲ್ಲಿ ನಿಂತು ಮುಂದಿನವರನ್ನು ನೋಡಿಕೊಂಡೇ ಎಷ್ಟು ಹೊತ್ತು ಬೇಕಾದರೂ ತಳ್ಳಬಹುದು. ಕಲಿಸುವವರು ಗುಂಪನ್ನೇ ಹಿಂದಕ್ಕೆ ತಿರುಗಿಸಿದರೆ ಮುಗಿಯಿತು, ಹಿಂದಿದ್ದವರೇ ಮುಂದು!

ಹೊಸಬರು ಕೇಳಿದರೆ ನಾನು ಹೇಳುವುದು: ಮೊದಲು ಸುಯೆಲ್ತಾ, ಹಾಡು ಕಿವಿಗೆ ಹತ್ತಿದ ಮೇಲೆ ರುಯೆದಾ. ಶೈನ್ಸ್ ನಾನಂತೂ ಬಿಟ್ಟೆ.