ವಿಮಾನದ ದೂರ ಹೇಳುವ ಆ್ಯಪ್: ಕಿಲೋಮೀಟರ್ ಖಚಿತ, ಗಂಟೆ ಅಂದಾಜು

ಎರಡು ಊರುಗಳ ಹೆಸರು ಕೊಟ್ಟರೆ ಅವುಗಳ ನಡುವಿನ ವಾಯುಮಾರ್ಗದ ದೂರವನ್ನೂ ವಿಮಾನಕ್ಕೆ ಹಿಡಿಯುವ ಸಮಯವನ್ನೂ ತೋರಿಸುವ ಉಚಿತ ಆ್ಯಪ್ ಒಂದನ್ನು ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ನೆಂಟರನ್ನು ಕರೆತರಲು ಬನಶಂಕರಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೇ ಬಂದಿರುವುದರಿಂದ ಇಂಥದ್ದೊಂದು ಬೇಕಾಗಿತ್ತು.

ದೂರದ ಲೆಕ್ಕದಲ್ಲಿ ದೊಡ್ಡ ದೋಷವೇನೂ ಕಾಣಲಿಲ್ಲ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,740 ಕಿ.ಮೀ. ಎನ್ನುತ್ತದೆ, ಶಿರಾಡಿ ಘಾಟಿಯ ಮೂಲಕ 350 ಕಿ.ಮೀ. ಆಗುವ ಮಂಗಳೂರಿಗೆ ನೇರವಾಗಿ 300 ಕಿ.ಮೀ. ತೋರಿಸುತ್ತದೆ. ಆದರೆ ಅಳತೆ ಆರಂಭವಾಗುವುದು ನಗರದ ನಡುಭಾಗದಿಂದ. 2008ರ ಮೇ ತಿಂಗಳವರೆಗೆ ಎಚ್‌ಎಎಲ್ ನಿಲ್ದಾಣದಿಂದಲೇ ವಿಮಾನ ಹತ್ತುತ್ತಿದ್ದಾಗ ಇದರಿಂದ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಈಗ ನಿಲ್ದಾಣ ಊರಿನ ಉತ್ತರಕ್ಕಿರುವುದರಿಂದ, ದಕ್ಷಿಣದ ಕೊಯಮತ್ತೂರಿಗೆ ಆ್ಯಪ್ ತೋರಿಸುವ 225 ಕಿ.ಮೀ. ವಾಸ್ತವದಲ್ಲಿ 250ರಷ್ಟಾಗುತ್ತದೆ. ದೆಹಲಿಯ ದೂರ ಅದೇ ಕಾರಣಕ್ಕೆ ಸ್ವಲ್ಪ ತಗ್ಗುತ್ತದೆ.

ನನ್ನ ತಕರಾರು ಇರುವುದು ಸಮಯದ ಬಗ್ಗೆ. ಅದನ್ನು ಹೇಗೆ ಲೆಕ್ಕ ಹಾಕಲಾಗಿದೆ ಎಂದು ಆ್ಯಪ್ ಎಲ್ಲಿಯೂ ಹೇಳುವುದಿಲ್ಲ. ಹತ್ತಾರು ಊರುಗಳ ಉತ್ತರಗಳನ್ನು ಕಾಗದದ ಮೇಲೆ ಬರೆದು ನೋಡಿದಾಗ ಗುಟ್ಟು ತಿಳಿಯಿತು: ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುತ್ತಾರೆ, ಅಷ್ಟೇ. ದೆಹಲಿಗೆ ಈ ಸೂತ್ರ ಹೆಚ್ಚುಕಡಿಮೆ ಒಪ್ಪುತ್ತದೆ. ಮಂಗಳೂರಿಗೆ 52 ನಿಮಿಷ ಬರುತ್ತದೆ, ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮೇಲಿರುತ್ತದೆ. ರನ್‌ವೇವರೆಗೆ ವಿಮಾನ ತೆವಳುವ ಹೊತ್ತೂ ಅದರಲ್ಲಿ ಸೇರಿರುತ್ತದೆ.

ದೂರದ ದೇಶಗಳ ವಿಷಯದಲ್ಲಿ ಸೂತ್ರ ಪೂರ್ತಿ ಕೈಕೊಡುತ್ತದೆ. ಬೆಂಗಳೂರು–ಲಂಡನ್ ನಡುವೆ ಹೋಗುವುದಕ್ಕೂ ಬರುವುದಕ್ಕೂ ಆ್ಯಪ್ ಹೇಳುವುದು ಹತ್ತೂವರೆ ಗಂಟೆಯನ್ನೇ. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಂತೂ ಬಹಳ ಜೋರಾಗಿ. ಆದ್ದರಿಂದ ಲಂಡನ್‌ನಿಂದ ಬರುವ ವಿಮಾನವನ್ನು ಗಾಳಿಯೇ ತಳ್ಳಿಕೊಂಡು ಬರುತ್ತದೆ, ಇಲ್ಲಿಂದ ಹೋಗುವ ವಿಮಾನ ಅದನ್ನು ಎದುರಿಸಿ ಸಾಗಬೇಕಾಗುತ್ತದೆ. ಜನವರಿಯಲ್ಲಿ ಅಕ್ಕ ಅಲ್ಲಿಂದ ಹೊರಡುವಾಗ ಫೋನ್ ಮಾಡಿದ್ದಳು. ಹತ್ತೂವರೆ ಗಂಟೆ ಕೂಡಿಸಿ, ಅದಕ್ಕೆ ಸರಿಯಾಗಿ ವಾಯುವಜ್ರ ಬಸ್ ಹತ್ತಿ ನಾನು ಎರಡನೇ ಟರ್ಮಿನಲ್ ತಲುಪುವಷ್ಟರಲ್ಲಿ ಅವಳು ಟ್ರಾಲಿಗೆ ಒರಗಿ ನಿಂತು ಮುಕ್ಕಾಲು ಗಂಟೆಯಾಗಿತ್ತು. ಅವಳಿಂದ ಕೇಳಿಸಿಕೊಂಡ ಮಾತುಗಳು ಈ ವಿಮರ್ಶೆಗೆ ಬೇಡ.

ಅದೇ ರೀತಿ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಸುಮಾರು 14,000 ಕಿ.ಮೀ. ದೂರವನ್ನು ಹದಿನೇಳು ಗಂಟೆಯ ಆಸುಪಾಸಿನಲ್ಲಿ ಕ್ರಮಿಸಿತು. ಆ್ಯಪ್ ಅದಕ್ಕೆ ಹದಿನೆಂಟು ಗಂಟೆ ಕೊಡುತ್ತದೆ. ಮಾರ್ಗದ ಸುತ್ತುಗಳನ್ನೂ ಅದು ಅರಿಯದು: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಬಳಸಿಕೊಂಡು ಹೋಗಬೇಕಾಯಿತು.

ಎರಡು ಊರುಗಳ ಗಡಿಯಾರದ ಅಂತರವನ್ನು ಮಾತ್ರ ಇದು ಸರಿಯಾಗಿ ಕೊಡುತ್ತದೆ. ಲಂಡನ್‌ಗೆ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಸಮಯದ ಕೆಳಗೆ ‘ಇದು ಗಾಳಿಯನ್ನು ಗಣಿಸದ ಅಂದಾಜು’ ಎಂಬ ಒಂದು ಸಾಲು ಸೇರಿಸಿದರೆ ನಾಲ್ಕನೆಯದನ್ನೂ ಕೊಡಲು ಸಿದ್ಧನಿದ್ದೇನೆ.