ಅಟ್ಟದ ಹಳೇ ಸಾಮಾನು ಆನ್‌ಲೈನಲ್ಲಿ ಮಾರುವುದು: ಮಡಿಕೇರಿಯಲ್ಲಿ ಕೂತು ಹಲವು ವರ್ಷ ಮಾಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಸಾಮಾನು ಕೊಂಡು ಆನ್‌ಲೈನಲ್ಲಿ ಮಾರಿದರೆ ಲಾಭ ಖಂಡಿತ ಇದೆ. ಆದರೆ ಎಲ್ಲ ಸಾಮಾನಿನಲ್ಲೂ ಇಲ್ಲ. ಕೊಡಗಿನಂಥ ಮಳೆ ಊರಿನಲ್ಲಿ ಎಲ್ಲ ತಿಂಗಳೂ ಇಲ್ಲ.

ನಾನು ಬಳಸುತ್ತಿರುವುದು ಮೂರನ್ನು. ಉಚಿತವಾಗಿ ಜಾಹೀರಾತು ಹಾಕುವ ಒಂದು ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ, ಆಮೇಲೆ ನಮ್ಮ ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್. ಎಲ್ಲರೂ ಮೊದಲ ಎರಡರ ಬಗ್ಗೆಯೇ ಕೇಳುತ್ತಾರೆ. ನನ್ನ ಪ್ರಕಾರ ಈ ವ್ಯಾಪಾರ ನಿಂತಿರುವುದು ಮೂರನೆಯದರ ಮೇಲೆ. ಕೊಡಗಿಗೆ ರೈಲಿಲ್ಲ. ಕೊಳ್ಳುವವರು ಬೆಂಗಳೂರು, ಚೆನ್ನೈ, ಪುಣೆಯಲ್ಲಿ ಇರುತ್ತಾರೆ. ಸಾಮಾನು ಬೆಟ್ಟ ಇಳಿದು ಅವರ ಕೈ ಸೇರಬೇಕು, ಅದೂ ಒಡೆಯದೆ.

ಸಾಮಾನು ಎಲ್ಲಿಂದ ಬರುತ್ತದೆ? ತೋಟದ ಮನೆಗಳ ಅಟ್ಟದಿಂದ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆಯಲ್ಲಿ ವಯಸ್ಸಾದವರು ಇಬ್ಬರೇ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಎಲ್ಲ ಹೊರಗೆ ಬರುತ್ತದೆ. "ತಗೊಂಡು ಹೋಗಮ್ಮ, ಇಲ್ಲಿ ಸುಮ್ನೆ ಜಾಗ ತಿನ್ನುತ್ತಾ ಇದೆ" ಅನ್ನುತ್ತಾರೆ. ನಾವು ಹೋಗದಿದ್ದರೆ ಅದು ಗುಜರಿಗೆ ಹೋಗುತ್ತದೆ. ಗುಜರಿಯಲ್ಲಿ ಬೆಲೆ ಇರುವುದು ತೂಕಕ್ಕೆ. ಅಜ್ಜಿ ಮದುವೆಗೆ ಬಂದ ಕಂಚಿನ ತಟ್ಟೆಗೂ ಮುರಿದ ನಲ್ಲಿಗೂ ಅಲ್ಲಿ ಒಂದೇ ತಕ್ಕಡಿ. ಕರಗಿಸಿದ ಮೇಲೆ ಅದನ್ನು ಯಾರೂ ವಾಪಸ್ ತರಲಾರರು. ತೂಕದ ಬೆಲೆಗೂ ವಸ್ತುವಿನ ಬೆಲೆಗೂ ನಡುವೆ ಇರುವ ಅಂತರವೇ ನಮ್ಮ ಲಾಭ. ಆ ವಸ್ತು ಉಳಿಯುವುದೂ ಅದೇ ಅಂತರದಿಂದ. ನಾನು ಈ ಕೆಲಸ ಬಿಡದೆ ಮಾಡುತ್ತಿರುವುದು ಅದಕ್ಕೇ.

ಲೆಕ್ಕ ಹೀಗಿರುತ್ತದೆ. ಒಂದು ಕಿಲೋ ತೂಗುವ ಹಳೇ ಹಿತ್ತಾಳೆ ಕಾಫಿ ಫಿಲ್ಟರ್ ಅಂದುಕೊಳ್ಳಿ. ಗುಜರಿಯಲ್ಲಿ 400ರಿಂದ 500 ರೂಪಾಯಿ ಸಿಗಬಹುದು. ನಾನು ಮನೆಯವರಿಗೆ 800 ಕೊಡುತ್ತೇನೆ. ತೂತುಗಳು ಸರಿಯಾಗಿದ್ದು, ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿಯಾಗಿ ಕೂತರೆ 1,500ಕ್ಕೆ ಹೋಗುತ್ತದೆ. ಪೆಟ್ಟಿಗೆ, ಟೇಪು 60. ಅಂಚೆ 150ರ ಆಸುಪಾಸು. ಉಜ್ಜುವ ಸಾಮಗ್ರಿ, ಬಸ್ ಚಾರ್ಜು ಕಳೆದರೆ 450ರ ಹತ್ತಿರ ಉಳಿಯುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಫಿಲ್ಟರ್ ಒಡೆಯುವುದಿಲ್ಲ, ಹಾಳಾಗುವುದಿಲ್ಲ, ವಾರದೊಳಗೆ ಮಾರಿಹೋಗುತ್ತದೆ.

ಅದೇ ದೊಡ್ಡ ಬಿಂದಿಗೆ ಆದರೆ ಲೆಕ್ಕ ತಲೆಕೆಳಗು. ಅನೇಕ ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. 35, 35, 40 ಸೆಂಟಿಮೀಟರಿನ ಪೆಟ್ಟಿಗೆ ಅಂದರೆ 9.8 ಕಿಲೋ ಆಯಿತು. ಒಳಗಿರುವ ಬಿಂದಿಗೆ ಮೂರು ಕಿಲೋನೂ ಇರುವುದಿಲ್ಲ! ಅದಕ್ಕೇ ಬಿಂದಿಗೆ, ಕೊಳದಪ್ಪಲೆ, ತೂಗುದೀಪದಂಥವನ್ನು ನಾನು ಹೋಂಸ್ಟೇಯವರಿಗೆ ಇಲ್ಲೇ ಕೊಡುತ್ತೇನೆ. ಅವರು ಜೀಪಿನಲ್ಲಿ ಬಂದು ಒಯ್ಯುತ್ತಾರೆ. ಬೀಟೆ ಮರದ ಕುರ್ಚಿ ಮೇಜುಗಳೂ ಹಾಗೆಯೇ. ಬೀಟೆಯ ಇನ್ನೊಂದು ವಿಷಯ ನೆನಪಿರಲಿ. ಅದು ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ದೇಶಗಳು ಸೇರಿ ಮಿತಿ ಹಾಕಿಕೊಂಡ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಮರ. ಪೀಠೋಪಕರಣ ಮಾಡಿ ಹೊರದೇಶಕ್ಕೆ ಕಳಿಸುತ್ತೇನೆ ಅಂದರೆ ಕಾಗದಪತ್ರದ ಕೆಲಸ ದೊಡ್ಡದು.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ವಸ್ತುವಿನ ವಯಸ್ಸು ಹೇಳುವುದು. ಜಾಹೀರಾತಿನಲ್ಲಿ "ತುಂಬಾ ಹಳೆಯದು" ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. "1957ರಿಂದ 1964ರ ನಡುವಿನದು, ಕಾರಣ ಇದು" ಅಂತ ಬರೆದರೆ ಮೆಸೇಜ್ ಬರಲು ಶುರುವಾಗುತ್ತದೆ. ಅದನ್ನು ಹೇಳುವುದು ಅಷ್ಟು ಕಷ್ಟವಲ್ಲ. ಡಬ್ಬಿಯ ಮೇಲೆ ಬೆಲೆ "ನಯೇ ಪೈಸೆ" (ಹೊಸ ಪೈಸೆ) ಅಂತ ಇದ್ದರೆ ಅದು ಆ ಏಳೆಂಟು ವರ್ಷಗಳ ಕಾಲದ್ದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ಏಕೆಂದರೆ ಪಿನ್ ಕೋಡ್ ಶುರುವಾಗಿದ್ದೇ ಆ ದಿನ. "ಮೈಸೂರು ಸ್ಟೇಟ್" ಅಂತ ಇದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು ಅನ್ನಬಹುದು. ಇನ್ನು ಕೊಡಗಿನವರಿಗೆ ಮಾತ್ರ ಸಿಗುವ ಗುರುತು ಒಂದಿದೆ: ಬೋರ್ಡಿನಲ್ಲೋ ರಸೀದಿ ಪುಸ್ತಕದಲ್ಲೋ "ಕೂರ್ಗ್ ಸ್ಟೇಟ್" ಅಂತ ಇರುವುದು. ನಮ್ಮದು 1956ರ ನವೆಂಬರ್ 1ರ ತನಕ ಬೇರೆ ರಾಜ್ಯವಾಗಿತ್ತಲ್ವಾ? ಅಂಥ ಒಂದು ಎನಾಮಲ್ ಬೋರ್ಡ್ ಸಿಕ್ಕಿದರೆ ಒಂದು ತಿಂಗಳ ಶ್ರಮ ಸಾರ್ಥಕ. ಸೇರು, ಪಾವಿನ ಅಳತೆ ಪಾತ್ರೆಗಳೂ ಹೀಗೆಯೇ. ಕಿಲೋ, ಲೀಟರ್ ಬರುವುದಕ್ಕೆ ಮುಂಚಿನ ಅಳತೆಗಳವು. ಮೇಲೆ ಒತ್ತಿದ ಸರ್ಕಾರಿ ಮುದ್ರೆ ಇದ್ದರೆ ಅದರ ಫೋಟೋ ಹತ್ತಿರದಿಂದ ತೆಗೆಯಿರಿ.

ಎಷ್ಟು ಹಳೆಯದಿದ್ದರೆ ಒಳ್ಳೆಯದು? ಹೆಚ್ಚು ಹಳೆಯದಾದಷ್ಟೂ ಒಳ್ಳೆಯದು ಅಂತ ಜನ ತಿಳಿದಿದ್ದಾರೆ. ಇದರಲ್ಲಿ ಜಾಗ್ರತೆ ಬೇಕು. ಕೈಕೆಲಸದ ಮತ್ತು ಹಳೇ ವಸ್ತು ಮಾರುವ ಎಟ್ಸಿಯಂಥ ಜಾಲತಾಣದಲ್ಲಿ ವಿಂಟೇಜ್, ಅಂದರೆ ಹಳೇ ಕಾಲದ್ದು, ಅನ್ನಿಸಿಕೊಳ್ಳಲು 20 ವರ್ಷ ಆಗಿದ್ದರೆ ಸಾಕು. ಇನ್ನೊಂದು ಕಡೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. 100 ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ವಸ್ತು ಅದರೊಳಗೆ ಬರುತ್ತದೆ. ಹಸ್ತಪ್ರತಿಗಳಿಗಾದರೆ 75 ವರ್ಷವೇ ಗಡಿ. ಅಂಥದ್ದನ್ನು ವ್ಯಾಪಾರವಾಗಿ ಮಾರಲು ಲೈಸೆನ್ಸ್ ಬೇಕು. ಹೊರದೇಶಕ್ಕಂತೂ ಖಾಸಗಿಯವರು ಕಳಿಸುವ ಹಾಗೇ ಇಲ್ಲ. ವಸ್ತು ಅಷ್ಟು ಹಳೆಯದಲ್ಲ ಅಂತ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು, ಆದರೆ ಒಂದು ಚೊಂಬಿಗೆ ಅಷ್ಟು ಓಡಾಟ ಹೊಂದುವುದಿಲ್ಲ. ಹಾಗಾಗಿ ನನ್ನ ವ್ಯಾಪಾರವೆಲ್ಲ 20ರಿಂದ 100 ವರ್ಷದ ನಡುವಿನದ್ದೇ. ಅಷ್ಟರಲ್ಲೇ ಬೇಕಾದಷ್ಟು ಇದೆ.

ಕೆಲವನ್ನು ನಾನು ಮುಟ್ಟುವುದೇ ಇಲ್ಲ. ತೋಟದ ಬಂಗಲೆಗಳ ಗೋಡೆಯಲ್ಲಿ ಕಾಡುಕೋಣದ ತಲೆ, ಕಡವೆಯ ಕೊಂಬು ಇರುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವುಗಳ ವ್ಯಾಪಾರ ಅಪರಾಧ. ದಂತದ ಹಿಡಿ ಇರುವ ಚಾಕು, ಕೋಲು ಕೂಡ ಹಾಗೆಯೇ. ಕೋವಿಯ ಮಾತಂತೂ ಬೇಡ. ಕೊಡವರಿಗೂ ಜಮ್ಮಾ (ಹಿಂದಿನಿಂದ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಆದರೆ ಅದು ಇಟ್ಟುಕೊಳ್ಳುವುದಕ್ಕೆ ಮಾತ್ರ. ಆನ್‌ಲೈನಲ್ಲಿ ಮಾರುವುದಕ್ಕಲ್ಲ. ಕೊಡವರ ಸಾಂಪ್ರದಾಯಿಕ ಕತ್ತಿಗಳಾದ ಪೀಚೆಕತ್ತಿ, ಒಡಿಕತ್ತಿ ಕೊಡುತ್ತೇನೆ ಅಂತ ಯಾರಾದರೂ ಬಂದರೆ ಇಟ್ಟುಕೊಳ್ಳಿ ಅಂತಲೇ ಹೇಳಿ ಕಳಿಸುತ್ತೇನೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಪೂಜೆಗೆ ಇಡುವ ಆಯುಧ ಮನೆಯಲ್ಲೇ ಇರಬೇಕು.

ಸಣ್ಣ ಸಾಮಾನುಗಳಲ್ಲಿ ಕೈಗಡಿಯಾರಕ್ಕೆ ಬೇಡಿಕೆ ಎಲ್ಲಕ್ಕಿಂತ ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಸೈನ್ಯದಿಂದ ನಿವೃತ್ತರಾದವರ ಮನೆಗಳು ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು. ಆ ಮನೆಗಳ ಟ್ರಂಕಿನಲ್ಲಿ ಎಚ್‌ಎಂಟಿ ಗಡಿಯಾರ ಇದ್ದೇ ಇರುತ್ತದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ಶುರು ಮಾಡಿತು. ಗಡಿಯಾರದ ಘಟಕ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಅಲ್ಲಿಂದ ಈಚೆಗೆ ಕೀಲಿ ಕೊಡುವ ಜನತಾ, ಪೈಲಟ್ ಮಾದರಿಗಳನ್ನು ಹುಡುಕುವವರು ಹೆಚ್ಚಾದರು. ಅದರ ಜೊತೆ ಹೊಸ ಬಣ್ಣ ಬಳಿದ ಡಯಲ್‌ಗಳೂ ಮಾರುಕಟ್ಟೆ ತುಂಬಿದವು. ಕೆಂಪು, ಕಿತ್ತಳೆಯಂಥ ಗಾಢ ಬಣ್ಣದ ಡಯಲ್ ಕಂಡರೆ ಅನುಮಾನ ಪಡಿ. ಅಕ್ಷರದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಮೂಲ ಅಚ್ಚು ಚೊಕ್ಕವಾಗಿರುತ್ತದೆ. ಹಿಂದಿನ ಮುಚ್ಚಳ ತೆಗೆಸಿ ಒಳಗಿನ ಯಂತ್ರದ ಫೋಟೋ ಹಾಕಿ. ನನ್ನ ಪುಟದಲ್ಲಿ ಆ ಫೋಟೋ ಇಲ್ಲದೆ ಒಂದು ಗಡಿಯಾರವೂ ಇಲ್ಲ. ಮಾಸಿದ ಡಯಲ್ ಇದ್ದರೆ ಮಾಸಿದೆ ಅಂತಲೇ ಬರೆಯುತ್ತೇನೆ. ಸಂಗ್ರಹಕಾರರು ಅದನ್ನೇ ಕೇಳಿ ಕೊಳ್ಳುತ್ತಾರೆ. "ಯುದ್ಧದಲ್ಲಿ ಕಟ್ಟಿದ್ದ ಗಡಿಯಾರ" ಅಂತ ಸೇರಿಸಿ ಬರೆ ಅಂತ ಸಲಹೆ ಕೊಟ್ಟವರಿದ್ದಾರೆ. ಮನೆಯವರು ಹೇಳದ ಕಥೆಯನ್ನು ನಾನು ಬರೆಯುವುದಿಲ್ಲ.

ಹಿತ್ತಾಳೆಯ ವಿಷಯದಲ್ಲೂ ಅಷ್ಟೇ. ಹೊಳಪು ಜಾಸ್ತಿಯಾದರೆ ಬೆಲೆ ಬೀಳುತ್ತದೆ. ಹುಣಸೆಹಣ್ಣು, ಬೂದಿಯಲ್ಲಿ ಮೃದುವಾಗಿ ತೊಳೆದು ಒಣಗಿಸಿದರೆ ಸಾಕು. ಮೆಷಿನ್ ಪಾಲಿಶ್ ಮಾಡಿಸಿದ ಪಾತ್ರೆ ಹೊಸದರಂತೆ ಕಾಣುತ್ತದೆ. ಹೊಸದಕ್ಕೆ ಹಳೆಯದರ ಬೆಲೆ ಯಾರು ಕೊಡುತ್ತಾರೆ?

ಇನ್ನು ಆ್ಯಪ್‌ಗಳ ಬಗ್ಗೆ. ಉಚಿತ ಜಾಹೀರಾತಿನ ಆ್ಯಪ್‌ಗೆ ಐದರಲ್ಲಿ ಎರಡೂವರೆ ಕೊಡುತ್ತೇನೆ. ಹತ್ತಿರದ ಗಿರಾಕಿ ಸಿಗುತ್ತಾರೆ, ಅದು ಒಳ್ಳೆಯದು. ಕುಶಾಲನಗರ, ಮೈಸೂರಿನವರು ಬಂದು ನೋಡಿ ಒಯ್ಯುತ್ತಾರೆ. ಆದರೆ ನನ್ನ ಹಿತ್ತಾಳೆ ದೀಪದ ಜಾಹೀರಾತನ್ನು ಕಾರಣ ಕೊಡದೆ ತೆಗೆದುಹಾಕಿದರು. ಕೇಳಿದರೆ ಯಂತ್ರದ ಉತ್ತರ ಮಾತ್ರ. ಮನುಷ್ಯರ ಹತ್ತಿರ ಮಾತಾಡಲು ದಾರಿಯೇ ಇಲ್ಲ. ಮೋಸಗಾರರ ಕಾಟವಂತೂ ದೊಡ್ಡದು. "ನಾನು ಆರ್ಮಿಯಲ್ಲಿದ್ದೇನೆ ಮೇಡಂ, ವರ್ಗವಾಗಿದೆ, ಈಗಲೇ ಹಣ ಹಾಕುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ" ಅನ್ನುತ್ತಾರೆ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲ ಕಳಿಸುತ್ತಾರೆ. ಬೇರೆ ಊರಿಗಿಂತ ಕೊಡಗಿನಲ್ಲಿ ಇದು ಹೆಚ್ಚು ಅಪಾಯ. ಸೈನಿಕ ಅಂದರೆ ನಮಗೆ ಮನೆಯವನೇ ಅಲ್ವಾ? ಆ ನಂಬಿಕೆಗೇ ಅವರು ಕೈ ಹಾಕುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಏನನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಇದನ್ನು ಮನೆಯ ಹಿರಿಯರಿಗೆ ಕೂರಿಸಿ ಹೇಳಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಳೇ ನಾಣ್ಯ, ನೋಟಿಗೆ ಲಕ್ಷ ಲಕ್ಷ ಕೊಡುತ್ತೇವೆ ಅನ್ನುವ ಜಾಹೀರಾತುಗಳೂ ಅದೇ ಜಾತಿ. ಮೊದಲು ಕಮಿಷನ್ ಕಟ್ಟಿ ಅನ್ನುತ್ತಾರೆ. ಇಂಥದ್ದಕ್ಕೂ ತನಗೂ ಸಂಬಂಧವಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಇನ್‌ಸ್ಟಾಗ್ರಾಂಗೆ ನಾಲ್ಕು. ನಿಧಾನವಾಗಿ ಬೆಳೆಯುತ್ತದೆ, ಆದರೆ ಬಂದವರು ಉಳಿಯುತ್ತಾರೆ. ನನ್ನ ಬಳಿ ಕೊಳ್ಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲು ಕೊಂಡವರೇ. "ಅಕ್ಕ, ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಸ್ವಿಚ್ ಸಿಕ್ಕಿದರೆ ಮೊದಲು ನನಗೆ ಹೇಳಿ" ಅಂತ ಬರೆಯುತ್ತಾರೆ. ಹಳೇ ಬಂಗಲೆಗಳಲ್ಲಿ ವೈರಿಂಗ್ ಬದಲಿಸುವಾಗ ಬಿಚ್ಚಿ ಎಸೆಯುವ ಆ ಕಪ್ಪು ಸ್ವಿಚ್‌ಗಳನ್ನು ಕೆಫೆ ಮಾಡುವವರು ಡಜನ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಕೈಯಲ್ಲಿ ತಿರುಗಿಸುವ ಇಂಗ್ಲೆಂಡಿನ ಸ್ಪಾಂಗ್ ಕಾಫಿ ಗಿರಣಿ ಸಿಕ್ಕಿದರಂತೂ ಫೋಟೋ ಹಾಕಿದ ದಿನವೇ ಹೋಗುತ್ತದೆ.

ಸ್ಪೀಡ್ ಪೋಸ್ಟ್‌ಗೆ ಐದಕ್ಕೆ ಐದು. ಗಡಿಯಾರಗಳನ್ನು ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೆ. 2025ರಲ್ಲಿ ಅದೂ ಸ್ಪೀಡ್ ಪೋಸ್ಟಿನಲ್ಲೇ ಸೇರಿತು. ಹಳ್ಳಿಯ ಕೊನೆಯ ಮನೆಯ ತನಕ ಮುಟ್ಟಿಸುವವರು ಇವರೇ. ಬೆಲೆಬಾಳುವುದಕ್ಕೆ ವಿಮೆ ಮಾಡಿಸಿ. ಒಂದು ಖಾಸಗಿ ಕೊರಿಯರ್‌ನಲ್ಲಿ ಕಳಿಸಿದ ವಾಲ್ವ್ ರೇಡಿಯೊ ಗಾಜೆಲ್ಲ ಪುಡಿಯಾಗಿ ತಲುಪಿತು. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಸುತ್ತ ಹುಲ್ಲು ತುಂಬಿದ್ದೆ. ಆದರೂ ಪ್ಯಾಕಿಂಗ್ ಸರಿಯಿಲ್ಲ ಅಂತ ಪರಿಹಾರ ಕೊಡಲಿಲ್ಲ. ಹಣ ನಾನೇ ವಾಪಸ್ ಕೊಟ್ಟೆ. ಆ ರೇಡಿಯೊ ಹೋಯಿತಲ್ಲ ಅನ್ನುವ ಸಂಕಟ ಇನ್ನೂ ಇದೆ. ಈಗ ರೇಡಿಯೊ ಬೇಕಾದವರು ಬಂದೇ ಒಯ್ಯಬೇಕು.

ಮಳೆಗಾಲದ ಮಾತು ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮ, ಮರ, ಕಾಗದ ಮೂರಕ್ಕೂ ಬೂಷ್ಟು ಹಿಡಿಯುತ್ತದೆ. ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ಟೇಪು ಅಂಟುವುದಿಲ್ಲ. ಕರೆಂಟ್, ನೆಟ್‌ವರ್ಕ್ ಯಾವಾಗ ಹೋಗುತ್ತವೆ ಹೇಳಲಾಗದು. ನಾನು ಒಂದು ಕಬ್ಬಿಣದ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿ ಸಾಮಾನು ಬೆಚ್ಚಗಿಡುತ್ತೇನೆ. ಗಡಿಯಾರಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರುತ್ತದೆ. ಪುಸ್ತಕ, ಹಳೇ ಆಲ್ಬಮ್ ಆ ತಿಂಗಳಲ್ಲಿ ಕೊಳ್ಳುವುದಿಲ್ಲ. ಕುಟುಂಬದ ಫೋಟೋಗಳನ್ನಂತೂ ಯಾವ ತಿಂಗಳಲ್ಲೂ ಕೊಳ್ಳುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಮನೆಯವರಿಗೆ ಒಂದು ಫೋಟೋ ಕೂಡ ಉಳಿಯಲಿಲ್ಲ. ಇರುವವರು ಇಟ್ಟುಕೊಳ್ಳಲಿ.

ತೆರಿಗೆ ಬಗ್ಗೆ ಚಿಕ್ಕದಾಗಿ. ಹಳೇ ಸಾಮಾನು ಕೊಂಡು ಮಾರುವವರು ಜಿಎಸ್‌ಟಿಯನ್ನು ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ಕಟ್ಟುವ ಅವಕಾಶ ಇದೆ. ಅದಕ್ಕೆ ಕೊಂಡ ದಾಖಲೆ ಬೇಕು. ದೊಡ್ಡ ಮಾರುಕಟ್ಟೆ ತಾಣಗಳ ಮೂಲಕ ಬೇರೆ ರಾಜ್ಯಕ್ಕೆ ಮಾರುವುದಾದರೆ ವಹಿವಾಟು ಸಣ್ಣದಿದ್ದರೂ ನೋಂದಣಿ ಬೇಕಾಗುತ್ತದೆ. ಲೆಕ್ಕ ಪರಿಶೋಧಕರನ್ನು ಒಮ್ಮೆ ಕೇಳಿ.

ಕೊಳ್ಳುವಾಗ ನಾನು ಪಾಲಿಸುವ ಕ್ರಮ ಒಂದಿದೆ. ಒಂದು ಪುಸ್ತಕದಲ್ಲಿ ವಸ್ತು, ಕೊಟ್ಟ ಬೆಲೆ, ತಾರೀಕು ಬರೆದು ಮನೆಯವರ ಸಹಿ ಹಾಕಿಸುತ್ತೇನೆ. ಗುಜರಿ ಬೆಲೆ ಎಷ್ಟು, ಆನ್‌ಲೈನಲ್ಲಿ ಸುಮಾರು ಎಷ್ಟಕ್ಕೆ ಹೋಗಬಹುದು, ಎರಡನ್ನೂ ಅವರಿಗೆ ಹೇಳುತ್ತೇನೆ. ಮನೆಯ ಮಕ್ಕಳಿಗೆ ಫೋನ್ ಮಾಡಿ ಕೇಳಿ ಅಂತಲೂ ಹೇಳುತ್ತೇನೆ. ಕೊಟ್ಟ ಬೆಲೆಯ ಎರಡರಷ್ಟು ದಾಟಿ ಮಾರಾಟವಾದರೆ ದಾಟಿದ್ದರಲ್ಲಿ ಅರ್ಧ ಅವರಿಗೆ ವಾಪಸ್ ಹೋಗುತ್ತದೆ. ಇದರಿಂದ ಲಾಭ ಕಡಿಮೆಯಾಗಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿ ಕಳಿಸುತ್ತಾರೆ, ನಾನು ಹುಡುಕಿಕೊಂಡು ಹೋಗುವುದೇ ಅಪರೂಪ.

ಶುರು ಮಾಡುವವರಿದ್ದರೆ ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಮಾಡಿ. ಬೆಳಗಿನ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಬಿರುಕು ಇದ್ದರೆ ಅದರದ್ದೂ ಒಂದು. ಮೊದಲ ಸಾಮಾನು ಒಂದು ಕಿಲೋ ಒಳಗಿನದ್ದು, ಒಡೆಯದ್ದು, ನಿಮ್ಮ ಮನೆಯದ್ದೇ ಆಗಿರಲಿ.