ಸ್ಯಾಫೋ ಸಿಂಡ್ರೋಮ್ ಚಿಕಿತ್ಸೆ: ದಾವಣಗೆರೆಯ ಒಂದು ಸಂಧಿವಾತ ಕ್ಲಿನಿಕ್ ಕುರಿತು

ಕೊರಳೆಲುಬು ಎದೆಮೂಳೆಗೆ ಸೇರುವಲ್ಲಿ ನೋವು ಮತ್ತು ಬಾವು, ಜೊತೆಗೆ ಅಂಗೈ ಅಂಗಾಲುಗಳಲ್ಲಿ ಕೀವುಗುಳ್ಳೆ ಕಾಣಿಸಿಕೊಳ್ಳುವ ಈ ಅಪರೂಪದ ಕಾಯಿಲೆಗೆ ಸ್ಯಾಫೋ ಎಂಬ ಹೆಸರನ್ನು 1987ರಲ್ಲಿ ಫ್ರಾನ್ಸಿನ ವೈದ್ಯರು ಕೊಟ್ಟರು. ಹೊಳಲ್ಕೆರೆಯಲ್ಲಿರುವ ನನ್ನ ಅಕ್ಕನಿಗೆ ಮೊದಲು ಮೂಳೆಯ ಟಿಬಿ ಇರಬಹುದೆಂಬ ಶಂಕೆಯಿತ್ತು. ಬಯಾಪ್ಸಿಯಲ್ಲಿ ಸೋಂಕಾಗಲಿ ಗಡ್ಡೆಯಾಗಲಿ ಇಲ್ಲವೆಂದು ಖಚಿತವಾದ ಮೇಲೆ ನಾವು ದಾವಣಗೆರೆಯ ಈ ಸಂಧಿವಾತ ತಜ್ಞರ ಬಳಿಗೆ ಬಂದೆವು.

ಈ ಕಾಯಿಲೆಗೆಂದೇ ಅನುಮೋದನೆ ಪಡೆದ ಔಷಧಿ ಯಾವುದೂ ಇಲ್ಲ, ಬೇರೆ ಸಂಧಿವಾತಗಳಿಗೆ ಮತ್ತು ಮೂಳೆ ಸವೆತಕ್ಕೆ ಬಳಸುವ ಔಷಧಿಗಳನ್ನೇ ಇಲ್ಲಿಯೂ ಕೊಡುತ್ತೇವೆ ಎಂಬುದನ್ನು ವೈದ್ಯರು ಮೊದಲ ಭೇಟಿಯಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದರು. ನ್ಯಾಪ್ರೋಕ್ಸೆನ್‌ನಂತಹ ನೋವು ನಿವಾರಕದಿಂದ ಶುರುವಾಯಿತು. ಅದು ಸಾಲದಿದ್ದಾಗ ಸಂಧಿವಾತದ ಉರಿಯೂತ ತಗ್ಗಿಸುವ ಮೆಥೋಟ್ರೆಕ್ಸೇಟ್ ಸೇರಿಸಿದರು. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಈ ಮಾತ್ರೆಯನ್ನು ದಿನಾಲೂ ನುಂಗಿದರೆ ಜೀವಕ್ಕೇ ಅಪಾಯವೆಂದು ವಿವರಿಸಿದ ನರ್ಸಮ್ಮ, ಮಾತ್ರೆಯ ಹಾಳೆಯ ಬೆನ್ನಿಗೆ ದಪ್ಪ ಪೆನ್ನಿನಲ್ಲಿ ‘ಭಾನುವಾರ ಮಾತ್ರ’ ಎಂದೂ ಅದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಮ್ಲದ ಹಾಳೆಗೆ ‘ಬುಧವಾರ’ ಎಂದೂ ಬರೆದುಕೊಟ್ಟರು. ಈ ಕ್ಲಿನಿಕ್‌ಗೆ ನಾನು ಒಳ್ಳೆಯ ಅಂಕ ಕೊಡುವುದು ಮುಖ್ಯವಾಗಿ ಇಂತಹ ಕೆಲಸಕ್ಕಾಗಿ, ಏಕೆಂದರೆ ಔಷಧಿಯ ಹೆಸರು ಎಲ್ಲಿ ಹೋದರೂ ಅದೇ.

ಎದೆಮೂಳೆಯ ನೋವಿಗೆ ಹೆಚ್ಚು ಗುಣ ಕಂಡಿದ್ದು ಮೂಳೆ ಸವೆತದ ಔಷಧಿಗಳ ಗುಂಪಿಗೆ ಸೇರಿದ ಪ್ಯಾಮಿಡ್ರೊನೇಟ್ ಡ್ರಿಪ್‌ನಿಂದ. ಅದನ್ನು ಹಾಕುವ ಮುನ್ನ ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಿದರಲ್ಲದೆ, ಅಪರೂಪಕ್ಕೆ ದವಡೆಯ ಮೂಳೆಗೆ ಹಾನಿಯಾಗಬಹುದಾದ್ದರಿಂದ ಹುಳುಕು ಹಲ್ಲನ್ನು ಮೊದಲೇ ಕೀಳಿಸಿಕೊಂಡು, ಗಾಯ ಪೂರ್ತಿ ಮಾಯ್ದ ಮೇಲೆ ಬರಲು ತಿಳಿಸಿದರು. ಮೊದಲ ಡ್ರಿಪ್‌ನ ರಾತ್ರಿ ಜ್ವರ, ಮೈಕೈ ನೋವು ಬಂದವು. ಮುಂಚೆಯೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ, ಪ್ಯಾರಾಸಿಟಮಾಲ್‌ಗೆ ಇಳಿಯಿತು.

ಇದಕ್ಕೂ ಜಗ್ಗದಿದ್ದರೆ ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚುವ, ಉರಿಯೂತ ತಡೆಯುವ ಜೈವಿಕ ಔಷಧಿ ಅಡಾಲಿಮುಮ್ಯಾಬ್ ಇದೆ. ಭಾರತದಲ್ಲೇ ತಯಾರಾದ ಬಯೋಸಿಮಿಲರ್ (ಮೂಲ ಜೈವಿಕ ಔಷಧಿಯನ್ನು ಹೋಲುವ ಆವೃತ್ತಿ) 2014ರಿಂದ ಸಿಗುತ್ತಿದ್ದರೂ ಮಧ್ಯಮ ವರ್ಗದ ಮನೆಗೆ ಅದು ಈಗಲೂ ಭಾರವೇ. ಸುಪ್ತ ಟಿಬಿ ಕೆರಳುವ ಭಯವಿರುವುದರಿಂದ ಮುಂಚಿತ ತಪಾಸಣೆ ಕಡ್ಡಾಯ. ಕೆಲವರಲ್ಲಿ ಇದೇ ಔಷಧಿಯಿಂದ ಹೊಸದಾಗಿ ಕೀವುಗುಳ್ಳೆ ಏಳುವುದೂ ಉಂಟು. ಟೊಫಾಸಿಟಿನಿಬ್ ಎಂಬ ಮತ್ತೊಂದು ಸಂಧಿವಾತದ ಮಾತ್ರೆಯ ಪ್ರಸ್ತಾಪವೂ ಬಂತು, ಆದರೆ ಸದ್ಯಕ್ಕೆ ಅಗತ್ಯವಿಲ್ಲವೆಂದು ಕೈಬಿಟ್ಟರು.

ಕೊರತೆಗಳೂ ಇವೆ. ಟೋಕನ್ ಕೊಟ್ಟ ಸಮಯಕ್ಕೂ ಒಳಗೆ ಕರೆಯುವ ಸಮಯಕ್ಕೂ ಸಂಬಂಧವೇ ಇರುವುದಿಲ್ಲ, ಡ್ರಿಪ್ ಕೋಣೆಯಲ್ಲಿ ಜೊತೆಗೆ ಬಂದವರಿಗೆ ಕುರ್ಚಿಯಿಲ್ಲ. ಅದಕ್ಕಿಂತ ದೊಡ್ಡ ದೂರು ಕೆಳಗಿನ ಔಷಧಿ ಅಂಗಡಿಯ ಮೇಲೆ: 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಅಡಾಲಿಮುಮ್ಯಾಬ್ ಸಿರಿಂಜನ್ನು ಸಾಲಿನಲ್ಲಿ ನಮ್ಮ ಮುಂದಿದ್ದ ರೋಗಿಯೊಬ್ಬರಿಗೆ ಬರಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದನ್ನು ಕಣ್ಣಾರೆ ಕಂಡೆ. ಏಪ್ರಿಲ್ ಬಿಸಿಲಿನಲ್ಲಿ ಚಿತ್ರದುರ್ಗದ ಕಡೆಗೆ ಬಸ್ಸು ಹತ್ತುವವರು ಐಸ್ ಪ್ಯಾಕ್ ಇರುವ ಡಬ್ಬಿಯನ್ನು ಮನೆಯಿಂದಲೇ ತರಬೇಕು. ಔಷಧಿ ಹೆಪ್ಪುಗಟ್ಟಿದರೂ ಕೆಡುವುದರಿಂದ ಸಿರಿಂಜಿನ ಪೆಟ್ಟಿಗೆ ನೇರವಾಗಿ ಮಂಜುಗಡ್ಡೆಗೆ ತಾಗದಂತೆ ನಡುವೆ ಬಟ್ಟೆ ಸುತ್ತಬೇಕು.